ಧರ್ಮಕೇಂದ್ರದ ಮೂಲಕ ನೆರೆಹೊರೆಯ ಸೇವೆ: ಮನೆಭೇಟಿಯಿಂದ ಶುರುಮಾಡಿ

ಕ್ರಿಸ್ಮಸ್ ವಾರದಲ್ಲಿ ಚರ್ಚಿನ ಅಂಗಳದಲ್ಲಿ ಸ್ವಯಂಸೇವಕರಿಗೆ ಕೊರತೆಯಿರುವುದಿಲ್ಲ. ಫೆಬ್ರವರಿಯಲ್ಲಿ ಒಂಟಿಯಾಗಿರುವ ಅಜ್ಜಿಯೊಬ್ಬರ ಮನೆಗೆ ಹೋಗಿಬರಲು ಇಬ್ಬರು ಬೇಕೆಂದರೆ ಹುಡುಕಬೇಕಾಗುತ್ತದೆ. ಹಾಗಾಗಿ ಸೇವೆಗೆ ಹೆಸರು ಕೊಡುವ ಮುಂಚೆ ನಿಮ್ಮ ವಾರವನ್ನು ಒಮ್ಮೆ ನೋಡಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ, ಆರು ತಿಂಗಳು ತಪ್ಪದೆ ಕೊಡಲು ಆಗುತ್ತದೆಯೇ? ಆಗುವುದಾದರೆ ಅಷ್ಟನ್ನೇ ಒಪ್ಪಿಕೊಳ್ಳಿ. ಮೊದಲ ತಿಂಗಳ ಉತ್ಸಾಹದಲ್ಲಿ ವಾರಕ್ಕೆ ಮೂರು ದಿನ ಬರುತ್ತೇನೆಂದವರು ಮೂರನೇ ತಿಂಗಳಿಗೆ ಕಾಣುವುದಿಲ್ಲ. ಆ ನಿರಾಸೆ ಬಂದು ಬೀಳುವುದು ಬಾಗಿಲ ಬಳಿ ಕಾದು ಕುಳಿತವರ ಮೇಲೆ.

ಮೊದಲು ಧರ್ಮಗುರುಗಳನ್ನು ಅಥವಾ ಧರ್ಮಕೇಂದ್ರದ, ಅಂದರೆ ನಿಮ್ಮ ಪ್ಯಾರಿಷ್‌ನ, ಕಚೇರಿಯವರನ್ನು ಕಂಡು ಈಗಾಗಲೇ ಏನೇನು ನಡೆಯುತ್ತಿದೆ ಎಂದು ಕೇಳಿ. ಹೊಸ ಗುಂಪು ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ಒಂದು ವರ್ಷ ತಡೆದುಕೊಳ್ಳಿ. ಇರುವ ಗುಂಪಿನ ಜೊತೆ ಮೂರು ಸಲ ಹೋಗಿ, ಸುಮ್ಮನೆ ನೋಡಿ, ಸಾಮಾನಿನ ಚೀಲ ಹಿಡಿಯಿರಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಬಡವರ ಸೇವೆಯ ಸಂಘಟನೆಯಾದ ಸಂತ ವಿನ್ಸೆಂಟ್ ದೆ ಪಾಲ್ ಸಭೆಯನ್ನು ಗೆಳೆಯರೊಡನೆ ಆರಂಭಿಸಿದಾಗ ಫ್ರೆಡರಿಕ್ ಓಜಾನಾಮ್‌ಗೆ ಕೇವಲ 20 ವರ್ಷ. ಬಡವರ ಮನೆಗೆ ಹೇಗೆ ಹೋಗಬೇಕೆಂದು ಆ ವಿದ್ಯಾರ್ಥಿಗಳು ಕಲಿತದ್ದು, ಅಲ್ಲಿನ ಬಡಬಡಾವಣೆಯಲ್ಲಿ ವರ್ಷಗಳಿಂದ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರೆಂಡು ಅವರಿಂದ. ಬಲ್ಲವರ ಹಿಂದೆ ನಡೆದು ಕಲಿಯುವುದಕ್ಕಿಂತ ಒಳ್ಳೆಯ ತರಬೇತಿ ಇಂದಿಗೂ ಇಲ್ಲ.

ಎಷ್ಟು ಮನೆಗಳನ್ನು ಒಪ್ಪಿಕೊಳ್ಳಬಹುದು ಎಂಬುದನ್ನು ಲೆಕ್ಕ ಹೇಳಬೇಕು, ಮನಸ್ಸಲ್ಲ. ಒಂದು ಮನೆಗೆ ತಿಂಗಳಿಗೆ ಎರಡು ಭೇಟಿ ಎಂದಿಟ್ಟುಕೊಳ್ಳಿ. 12 ಮನೆಗಳಾದರೆ 24 ಭೇಟಿ. ಒಂದು ಜೋಡಿ ತಿಂಗಳಿಗೆ ಎರಡು ಭೇಟಿ ಮಾಡುತ್ತದೆ ಎಂದರೆ 12 ಜೋಡಿ, ಅಂದರೆ 24 ಜನ ಬೇಕು. ನಿಮ್ಮಲ್ಲಿರುವುದು ಹತ್ತು ಜನವೇ? ಹಾಗಿದ್ದರೆ ನಾಲ್ಕು ಜೋಡಿ ನಾಲ್ಕು ಮನೆ ನೋಡಲಿ, ಐದನೆಯ ಜೋಡಿ ಕಾಯಿಲೆ, ಪ್ರಯಾಣದವರ ಬದಲಿಗೆ ಇರಲಿ. ಬದಲಿ ಜೋಡಿ ಇಟ್ಟುಕೊಳ್ಳದ ಪಟ್ಟಿ ಮೊದಲ ಜ್ವರಕ್ಕೇ ಹರಿದುಹೋಗುತ್ತದೆ.

ಯಾರ ಮನೆ ಎಂಬುದು ಇನ್ನೊಂದು ಪ್ರಶ್ನೆ. ಪೂಜೆಗೆ ಬರುವವರು, ಬಾಯಿಬಿಟ್ಟು ಕೇಳುವವರು ತಾವಾಗಿಯೇ ಪಟ್ಟಿಗೆ ಸೇರುತ್ತಾರೆ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದ ದೂರೂ ಇದೇ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು, ಅದಕ್ಕಾಗಿಯೇ ಏಳು ಜನರನ್ನು ಆರಿಸಲಾಯಿತು. ಮೂರು ತಿಂಗಳಿಗೊಮ್ಮೆ ಪಟ್ಟಿ ತೆಗೆದು ನೋಡಿ: ಬೇರೆ ಭಾಷೆಯವರು ಇದ್ದಾರೆಯೇ, ಬೇರೆ ಧರ್ಮದವರು ಇದ್ದಾರೆಯೇ, ಮನೆಯಿಂದ ಹೊರಬರಲಾಗದವರು? ಹಾಗೆಯೇ, ನೆರವಿಗೆ ಪ್ರಾರ್ಥನೆಯ ಶರತ್ತು ಇರಕೂಡದು. ಪೂಜೆಗೆ ಬಂದರೆ ಚೀಲ ಎಂದ ಕ್ಷಣ ಅದು ವ್ಯಾಪಾರವಾಗುತ್ತದೆ.

ಇನ್ನು ಭೇಟಿ. ಇಬ್ಬರೇ ಹೋಗಿ, ಒಬ್ಬರೂ ಬೇಡ, ನಾಲ್ವರೂ ಬೇಡ. ಒಬ್ಬರೇ ಹೋದರೆ ಆಮೇಲೆ ಏನಾದರೂ ಮಾತು ಬಂದಾಗ ಸಾಕ್ಷಿ ಇರುವುದಿಲ್ಲ, ನಾಲ್ವರು ಹೋದರೆ ಅದು ತಪಾಸಣೆಯಂತೆ ಕಾಣುತ್ತದೆ. ಹಿಂದಿನ ದಿನ ಫೋನ್ ಮಾಡಿ ಸಮಯ ಕೇಳಿ. 30ರಿಂದ 45 ನಿಮಿಷ ಸಾಕು. ಹಾಸಿಗೆಯಲ್ಲಿರುವವರ ಎದುರು ನಿಂತು ಮಾತಾಡಬೇಡಿ. ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. 'ನಿಮಗೇನು ಬೇಕು?' ಎಂದು ಶುರುಮಾಡಿದರೆ ಸ್ವಾಭಿಮಾನಿಗಳು 'ಏನೂ ಬೇಡ' ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. 'ಹೋದ ವಾರ ಹೇಗಿತ್ತು? ರಾತ್ರಿ ನಿದ್ದೆ ಬರುತ್ತದೆಯೇ?' ಎಂದು ಕೇಳಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುತ್ತ ಗಮನಿಸಲಿ: ಒಡೆಯದ ಲಕೋಟೆಗಳ ರಾಶಿ, ಮುಗಿಯಬೇಕಾದ ದಿನ ಕಳೆದರೂ ಮುಗಿಯದ ಮಾತ್ರೆಗಳು, ಜಾರುವ ಕಾಲೊರಸು, ಉರಿಯದ ಬಲ್ಬು. ಬಲ್ಬು ಬದಲಿಸುವುದು ಐದು ನಿಮಿಷದ ಕೆಲಸ, ಆದರೆ ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ವೃದ್ಧರು ಮತ್ತೆ ಎದ್ದು ಓಡಾಡುವುದು ಬಹಳ ಕಷ್ಟ. ಮಾತ್ರೆಯ ವಿಷಯದಲ್ಲಿ ಮಾತ್ರ ಸಲಹೆ ಕೊಡಬೇಡಿ. ಅವರ ಒಪ್ಪಿಗೆ ಪಡೆದು ಮನೆಯವರಿಗೋ ವೈದ್ಯರಿಗೋ ತಿಳಿಸಿ.

ಕೆಲವಕ್ಕೆ ಎಷ್ಟು ಒತ್ತಾಯ ಬಂದರೂ ಇಲ್ಲ ಎನ್ನಬೇಕು. ಮನೆಯ ಬೀಗದ ಕೈ, ಬ್ಯಾಂಕ್ ಕಾರ್ಡ್, ಪಿನ್ ಸಂಖ್ಯೆ ಇಟ್ಟುಕೊಳ್ಳಬೇಡಿ. ಉಯಿಲಿಗೆ ಸಾಕ್ಷಿ ಹಾಕಬೇಡಿ. ಸ್ವಂತ ಜೇಬಿನಿಂದ ಸಾಲ ಕೊಡಬೇಡಿ. ಕೊಟ್ಟರೆ ತೀರಿಸಲಾಗದವರು ನಾಚಿಕೊಂಡು ಬಾಗಿಲನ್ನೇ ತೆರೆಯದಂತಾಗುತ್ತದೆ. ಅವರ ಪರವಾಗಿ ಸಾಮಾನು ತರಬೇಕಾದರೆ ಪಡೆದ ಹಣವನ್ನು ಅವರೆದುರೇ ಬರೆಯಿರಿ, ಚಿಲ್ಲರೆಯನ್ನು ರಸೀದಿಯ ಜೊತೆ ಎಣಿಸಿ ಕೊಡಿ, ಇಬ್ಬರೂ ಸಹಿ ಹಾಕಿ.

ಭೇಟಿ ಮುಗಿದ ಮೇಲೆ ಮೂರು ಸಾಲು ಬರೆದಿಡಿ: ದಿನಾಂಕ, ಏನು ಮಾಡಿದಿರಿ, ಏನು ಮಾಡುತ್ತೇವೆಂದು ಮಾತು ಕೊಟ್ಟಿರಿ ಮತ್ತು ಯಾವಾಗ. 'ಮಗ ಸರಿಯಿಲ್ಲ', 'ಮನೆ ಗಲೀಜು' ಎಂಬಂಥ ತೀರ್ಪುಗಳನ್ನು ಬರೆಯಬೇಡಿ. ಅವರ ಕೈಗೇ ಪುಸ್ತಕ ಸಿಕ್ಕರೂ ನೋವಾಗದಂತಿರಲಿ. ಗುಟ್ಟು ಹೊರಬೀಳುವುದು ಬಹುಪಾಲು ಚಾಡಿಯಿಂದಲ್ಲ, ಭಕ್ತಿಯಿಂದ. ಪೂಜೆಯ ನಡುವೆ ಎಲ್ಲರೆದುರು ಓದುವ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಹೆಸರು, ಕಾಯಿಲೆ ಎರಡನ್ನೂ ಓದಿದರೆ ಇಡೀ ಸಭೆಗೆ ಸಾರಿದಂತೆ. ಕೇಳದೆ ಹೆಸರು ಹೇಳಬೇಡಿ. ಚೀಲ ಕೊಡುವಾಗಿನ ಫೋಟೋ ಕೂಡ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಮನೆಗೆ ಆಹಾರ ಒಯ್ಯುವುದಿದ್ದರೆ ಮೊದಲು ಕೇಳಬೇಕಾದದ್ದು: ಒಲೆ ಇದೆಯೇ, ಉರುವಲು ಇದೆಯೇ, ಸಕ್ಕರೆ ಕಾಯಿಲೆ ಯಾರಿಗಾದರೂ ಇದೆಯೇ, ಹಸುಗೂಸು ಇದೆಯೇ. ಸೋಪನ್ನು ಬೇರೆ ಚೀಲದಲ್ಲೇ ಹಾಕಿ, ಇಲ್ಲದಿದ್ದರೆ ವಾಸನೆ ಧಾನ್ಯಕ್ಕೆ ಹಿಡಿಯುತ್ತದೆ. ಒಂದು ಚೀಲ 8 ಕಿಲೋ ಮೀರದಿರಲಿ, ಅದನ್ನು ಮೆಟ್ಟಿಲು ಹತ್ತಿಸುವವರು ಆ ಮನೆಯವರೇ ಆಗಿರಬಹುದು. ದಾಸ್ತಾನು ಕೋಣೆಯಲ್ಲಿ ಪೊಟ್ಟಣದ ಮೇಲಿನ ಕೊನೆಯ ದಿನಾಂಕವನ್ನು ದಪ್ಪ ಪೆನ್ನಿನಲ್ಲಿ ಹೊರಗೆ ಬರೆದು, ಬೇಗ ಕೆಡುವುದನ್ನು ಮುಂದಿಡಿ. ಬೇಯಿಸಿದ ಬಿಸಿ ಊಟ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು. ಇಳಿದು ಎರಡು ಗಂಟೆ ಮೀರಿದ್ದನ್ನು ಹಂಚಬೇಡಿ. ದೊಡ್ಡ ಪಾತ್ರೆಯ ನಡುಭಾಗ ತಣಿಯಲು ಗಂಟೆಗಟ್ಟಲೆ ಬೇಕು, ಬ್ಯಾಕ್ಟೀರಿಯಾ ಬೆಳೆಯುವುದು ಆ ಹೊತ್ತಿನಲ್ಲೇ.

ಹಣವನ್ನು ಇಬ್ಬರು ಸೇರಿ ಎಣಿಸಬೇಕು, ಇಬ್ಬರು ಸಹಿ ಹಾಕಬೇಕು, ಅದು ಧರ್ಮಕೇಂದ್ರದ ಖಾತೆಗೇ ಹೋಗಬೇಕು. ಒಂದು ಉದ್ದೇಶಕ್ಕೆಂದು ಭಕ್ತರು ಕೊಟ್ಟದ್ದನ್ನು ಅದೇ ಉದ್ದೇಶಕ್ಕೆ ಬಳಸಬೇಕೆಂದು ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ 1267ನೆಯ ವಿಧಿಯಲ್ಲಿ ಹೇಳುತ್ತದೆ. ಔಷಧಿಗೆಂದು ಬಂದ ಕಾಣಿಕೆಯಲ್ಲಿ ಸುಣ್ಣಬಣ್ಣ ಮಾಡಿಸುವಂತಿಲ್ಲ.

ಮಕ್ಕಳ ಜೊತೆಗಿನ ಕೆಲಸಕ್ಕೆ ನಿಯಮ ಇನ್ನೂ ಬಿಗಿ. ಯಾವಾಗಲೂ ಇಬ್ಬರು ವಯಸ್ಕರು, ತೆರೆದ ಬಾಗಿಲು, ಹೆತ್ತವರ ಲಿಖಿತ ಒಪ್ಪಿಗೆ. ಮಗುವಿಗೆ ಖಾಸಗಿಯಾಗಿ ಮೆಸೇಜ್ ಕಳಿಸಬೇಡಿ. ದೌರ್ಜನ್ಯದ ದೂರು ಸ್ವೀಕರಿಸಲು ಪ್ರತಿ ಧರ್ಮಪ್ರಾಂತ್ಯದಲ್ಲೂ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಸಾರ್ವಜನಿಕ ವ್ಯವಸ್ಥೆ ಇರಬೇಕೆಂದು ಪೋಪ್ ಫ್ರಾನ್ಸಿಸ್ 2019ರಲ್ಲಿ ಆದೇಶಿಸಿದರು. ನಿಮ್ಮಲ್ಲಿ ಆ ದೂರು ಸ್ವೀಕರಿಸುವವರು ಯಾರು, ಅವರನ್ನು ತಲುಪುವುದು ಹೇಗೆ ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಅನುಮಾನ ಬಂದರೆ ನೀವೇ ವಿಚಾರಣೆಗೆ ಇಳಿಯಬೇಡಿ, ಮುಚ್ಚಿಡಲೂಬೇಡಿ. ಕೇಳಿದ ಮಾತನ್ನು ಕೇಳಿದ ಹಾಗೆಯೇ ಬರೆದು ಅದೇ ದಿನ ತಿಳಿಸಿ. ಮಗು ಅಪಾಯದಲ್ಲಿದ್ದರೆ ಪೊಲೀಸರಿಗೆ ಮೊದಲು.

ಸೇವೆ ಬಿಡುವ ದಿನವೂ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ, ತಿಳಿಸದೆ ನಿಲ್ಲಿಸುವುದು ತಪ್ಪು. ಒಂದು ತಿಂಗಳ ಮುಂಚೆ ಮುಖ್ಯಸ್ಥರಿಗೆ ಹೇಳಿ, ಬರೆದಿಟ್ಟ ಪುಸ್ತಕ ಒಪ್ಪಿಸಿ. ಕೊನೆಯ ಎರಡು ಭೇಟಿಗೆ ಹೊಸಬರನ್ನು ಕರೆದೊಯ್ಯಿರಿ: ಮೊದಲನೆಯದರಲ್ಲಿ ನೀವು ಮಾತಾಡಿ ಅವರು ಕೇಳಲಿ, ಎರಡನೆಯದರಲ್ಲಿ ಅವರು ಮಾತಾಡಲಿ. ಮುಂದಿನ ಭೇಟಿಯ ದಿನಾಂಕವನ್ನು ಆ ಮನೆಯವರಿಗೆ ಹೇಳುವುದು ಹೊಸಬರೇ ಆಗಿರಲಿ.