ಪ್ರತಿ ಆರನೇ ಸ್ವರ ಕೈಕೊಟ್ಟಾಗ

ತುಮಕೂರು ಸುತ್ತಮುತ್ತ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹದಿನೈದು ವರ್ಷ ಕೀಬೋರ್ಡ್ ನುಡಿಸಿದವನು ನಾನು. ಒಂದು ಬಟನ್ ಒತ್ತಿದರೆ ಕೊಳಲು, ಇನ್ನೊಂದಕ್ಕೆ ಶಹನಾಯಿ. ನನಗೆ ಗೊತ್ತಿದ್ದದ್ದು ಅಷ್ಟೇ.

ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಬ್ಬರ ಮನೆಯಲ್ಲಿ ರೋಲೆಂಡ್ ಜೂನೋ-106 ನೋಡಿದೆ. 1984ರ ಸಿಂಥಸೈಜರ್, ಅಂದರೆ ದನಿಯನ್ನು ನಾವೇ ರೂಪಿಸಿಕೊಳ್ಳುವ ಕೀಬೋರ್ಡ್. ಫಿಲ್ಟರ್‌ನ ಸ್ಲೈಡರ್ ನಿಧಾನಕ್ಕೆ ಮೇಲೆತ್ತಿದೆ. ಕಂಬಳಿ ಮುಸುಕು ಹಾಕಿಕೊಂಡವರು ಮುಸುಕು ತೆಗೆದು ಮಾತಾಡಿದ ಹಾಗೆ ದನಿ ಬಿಚ್ಚಿಕೊಂಡಿತು. ಚೌಕಾಸಿ ಕೂಡ ಸರಿಯಾಗಿ ಮಾಡಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಕಾಲಿನ ಮೇಲೆ ಅಡ್ಡ ಇಟ್ಟುಕೊಂಡು ಊರಿಗೆ ಬಂದೆ.

ಹಿಂಬದಿಯಲ್ಲಿ 100 ವೋಲ್ಟ್ ಅಂತಿತ್ತು, ಜಪಾನಿನಲ್ಲಿ ಮಾರಿದ್ದು. ನಮ್ಮ 230 ವೋಲ್ಟ್‌ಗೆ ನೇರ ಸಿಕ್ಕಿಸಿದ್ದರೆ ಕಥೆ ಅಲ್ಲೇ ಮುಗೀತಿತ್ತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ.

ಒಂದೇ ವಾರಕ್ಕೆ ಕಾಯಿಲೆ ಗೊತ್ತಾಯಿತು. ಒಂದೊಂದೇ ಸ್ವರ ನುಡಿಸುತ್ತಾ ಹೋದರೆ ಪ್ರತಿ ಆರನೆಯದು ಚರಚರ ಅನ್ನುತ್ತಿತ್ತು. ಈ ಸಿಂಥ್‌ಗೆ ಆರು ದನಿ, ಅಂದರೆ ಒಂದು ಸಲಕ್ಕೆ ಒಂದೊಂದು ಸ್ವರ ನುಡಿಸುವ ಆರು ಸರ್ಕ್ಯೂಟ್. ಸರದಿ ಪ್ರಕಾರ ಬರುತ್ತವೆ. ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಟೆಸ್ಟ್ ಮೋಡ್. ಯಾವ ದನಿ ನುಡಿಯುತ್ತಿದೆ ಅಂತ ನಂಬರ್ ತೋರಿಸುತ್ತದೆ. ನನ್ನದು ನಾಲ್ಕು.

ತಪ್ಪು 80017ಎ ಅನ್ನೋ ಚಿಪ್‌ನದು. ಒಂದೊಂದು ದನಿಗೆ ಒಂದೊಂದು. ಅದರ ಮೇಲೆ ಬಳಿದ ಕಪ್ಪು ರಾಳ ಕಾಲ ಕಳೆದ ಹಾಗೆ ಕರೆಂಟ್ ಸೋರಲು ಬಿಡುತ್ತದೆ. ಮದ್ದು ಅಸಿಟೋನ್: ಚಿಪ್ ಬಿಚ್ಚಿ ಅದರಲ್ಲಿ ನೆನೆಹಾಕಬೇಕು.

ನಮ್ಮ ಬೀದಿಯಲ್ಲಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರೊಬ್ಬರು ಇದ್ದಾರೆ. "ಏನಪ್ಪಾ, ಈ ಗುಜರಿ ಯಾಕೆ ತಂದೆ?" ಅಂದರು. ಆದರೂ ಕನ್ನಡಕ ಏರಿಸಿ, ಒಂದೊಂದೇ ಕಾಲಿನ ಸೋಲ್ಡರ್ ಹೀರಿ ಚಿಪ್ ಬಿಡಿಸಿಕೊಟ್ಟರು. ನಾನು ಜಾಣತನದಿಂದ ಅಸಿಟೋನನ್ನು ಯೂಸ್ ಅಂಡ್ ಥ್ರೋ ಲೋಟಕ್ಕೆ ಸುರಿದೆ. ಲೋಟವೇ ಕರಗಿ ಮೇಜಿನ ಮೇಲೆ ಹರಿಯಿತು! ಆಮೇಲೆ ಉಪ್ಪಿನಕಾಯಿಯ ಗಾಜಿನ ಬಾಟಲಿ, ಗಟ್ಟಿ ಮುಚ್ಚಳ, ತೆರೆದ ಕಿಟಕಿ, ಹತ್ತಿರ ಬೆಂಕಿ ಇಲ್ಲ. ಎರಡು ದಿನಕ್ಕೆ ರಾಳ ಮೆತ್ತಗಾಗಿ ಸಿಪ್ಪೆಯಂತೆ ಎದ್ದುಬಂತು. ಚಿಪ್ ಒಣಗಿಸಿ ಮತ್ತೆ ಕೂರಿಸಿದೆವು. ನಾಲ್ಕನೇ ದನಿ ಬಾಯಿಬಿಟ್ಟಿತು.

ಹಳೇ ಸಿಂಥ್ ಅಂದರೆ ಶ್ರುತಿ ಜಾರುತ್ತದೆ ಅನ್ನುತ್ತಾರೆ. 1970ರ ಮಿನಿಮೂಗ್‌ನಂಥವಕ್ಕೆ ಆ ಮಾತು ನಿಜ. ಬಿಸಿಯಾದ ಹಾಗೆ ಜಾರುತ್ತವೆ, ತಂಬೂರಿಯಂತೆ ಆಗಾಗ ಕಿವಿಗೊಟ್ಟು ಕೂಡಿಸಬೇಕು. ಜೂನೋದಲ್ಲಿ ಶ್ರುತಿಯನ್ನು ಡಿಜಿಟಲ್ ಕ್ಲಾಕ್, ಅಂದರೆ ಒಂದೇ ಲಯದಲ್ಲಿ ಮಿಡಿಯುವ ಸರ್ಕ್ಯೂಟ್ ಹಿಡಿದಿಡುತ್ತದೆ. ಜನ ಮರುಳಾಗುವುದು ಅದರ ಅನಲಾಗ್ ಫಿಲ್ಟರಿಗೆ, ದನಿಯನ್ನು ತುಂಬಿಸಿ ಹರಡುವ ಕೋರಸ್ ಎಫೆಕ್ಟ್‌ಗೆ. ಕೋರಸ್ ಹಾಕಿದರೆ ಹಿಂದೆ ಸಣ್ಣಗೆ ಹಿಸ್ಸ್ ಅನ್ನುತ್ತದೆ. ಇರಲಿ ಬಿಡಿ. ಬರೀ ಸದ್ದು ಸಾಕು ಅನ್ನುವವರಿಗೆ ಕಂಪ್ಯೂಟರ್ ಸಾಫ್ಟ್‌ವೇರ್ ಧಾರಾಳವಾಗಿ ಸಾಕು. ನನಗೆ ಬೇಕಾದದ್ದು ಆ ಸ್ಲೈಡರುಗಳು. ಮೆನು ಹುಡುಕುವ ಗೋಳಿಲ್ಲ, ಕೈ ಹೋದಲ್ಲಿ ದನಿ ಬದಲಾಗುತ್ತದೆ, ಅಲ್ವಾ?

ಪೆಂಡಾಲಿನ ಜನರೇಟರ್ ನಂಬಿ ಅದನ್ನು ಹೊರಗೆ ಒಯ್ಯುವುದಿಲ್ಲ. ಒಂದೇ ಸಲ ಒಯ್ದಿದ್ದೆ. ಹಾಡುವವರು ತಿರುಗಿ ನೋಡಿ, "ಅಣ್ಣಾ, ಶಹನಾಯಿ ಯಾವ ಬಟನ್ನು?" ಅಂದರು.