ಹುರುಳಿ ಲೆಕ್ಕದ ಅಡಿಯಲ್ಲಿದ್ದ ಕುದುರೆ

"ಇದು ಆಗೋ ಕೆಲಸ ಅಲ್ಲ, ಬಿಟ್ಬಿಡಿ" ಅಂತ ನನಗೆ ಹೇಳಿದವರು ನಾಲ್ಕು ಜನ. ಕೆಲಸ ಇಷ್ಟೇ: ಹಳೇ ಹಾಳೆಯೊಂದರಲ್ಲಿ ಶಾಯಿಯ ಅಡಿಗೆ ಸಿಕ್ಕಿದ್ದ ಪೆನ್ಸಿಲ್ ಚಿತ್ರವನ್ನು ಕಾಣಿಸುವುದು. ಅವರಲ್ಲಿ ಒಬ್ಬರು ನನಗಿಂತ ಹತ್ತು ವರ್ಷ ಹೆಚ್ಚು ಪುಸ್ತಕ ರಿಪೇರಿ ಕಸುಬಿನಲ್ಲಿ ಪಳಗಿದವರು, ಇನ್ನೊಬ್ಬರು ಲ್ಯಾಬಿನಲ್ಲಿ ಕೆಲಸ ಮಾಡುವವರು. ಲ್ಯಾಬಿನವರು ಹೇಳಿದ ಯಂತ್ರದ ಬೆಲೆಗೆ ನನ್ನ ಬೈಂಡಿಂಗ್ ಅಂಗಡಿಯನ್ನೇ ಎರಡು ಸಲ ಕೊಳ್ಳಬಹುದಿತ್ತು. ಕೊನೆಗೆ ಆ ಕೆಲಸ ಆದದ್ದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮತ್ತು ಸಿಸಿಟಿವಿ ದೀಪದಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಳೇ ಲೆಕ್ಕದ ಪುಸ್ತಕ ಕೊಳ್ಳುವುದು ಒಳಗಿನ ಖಾಲಿ ಹಾಳೆಗಾಗಿ. ಹಳೇ ಪುಸ್ತಕ ರಿಪೇರಿಗೆ ಅಂಥ ಕಾಗದ ಈಗ ಬೇರೆಲ್ಲೂ ಸಿಗುವುದಿಲ್ಲ, ನಿಮಗೆ ಗೊತ್ತೇ ಇದೆ. ಮೈಸೂರಿನ ಗುಜರಿಯವನೊಬ್ಬ ಐದಾರು ಪುಸ್ತಕದ ಕಟ್ಟನ್ನು ಎಂಟುನೂರಕ್ಕೋ ಒಂಬೈನೂರಕ್ಕೋ ಕೊಟ್ಟ. ಅದರಲ್ಲೊಂದರ ಮುಂದಿನ ರಟ್ಟಿಗೆ ಒಳಗಡೆ ಫೂಲ್‌ಸ್ಕೇಪ್ ಅಳತೆಯ ಹಾಳೆಯೊಂದನ್ನು ಅಂಟಿಸಿದ್ದರು. ಅದರ ತುಂಬಾ ಬ್ಲೂ-ಬ್ಲ್ಯಾಕ್ ಶಾಯಿಯಲ್ಲಿ ದಿನಸಿ ಲೆಕ್ಕ: ಹುರುಳಿ, ರಾಗಿ, ಬೆಲ್ಲ, ಸೀಮೆಎಣ್ಣೆ. ಟೇಬಲ್ ದೀಪವನ್ನು ಪಕ್ಕದಿಂದ ಅಡ್ಡಡ್ಡ ಹಿಡಿದಾಗ ಬೆಲ್ಲದ ಸಾಲಿನ ಕೆಳಗೆ ಕುದುರೆಯ ಕಿವಿ ಕಂಡಿತು. ಶಾಯಿಗೆ ಮೊದಲೇ ಒತ್ತಿ ಬರೆದ ಪೆನ್ಸಿಲ್ಲಿನ ಗೀರು.

ಮೊದಲನೇ ತಪ್ಪು ಅಲ್ಲೇ ಆಯಿತು. ಮೈದಾ ಅಂಟಲ್ಲವೇ, ಸ್ವಲ್ಪ ತೇವ ಕೊಟ್ಟರೆ ಬಿಟ್ಟುಕೊಳ್ಳುತ್ತದೆ ಅಂತ ಬಲಮೂಲೆಗೆ ಒದ್ದೆ ಬ್ಲಾಟಿಂಗ್ ಕಾಗದ ಇಟ್ಟೆ. ಎರಡು ನಿಮಿಷಕ್ಕೆ ಎತ್ತಿ ನೋಡಿದರೆ ಬೂದು ಗೀರು ನೇರಳೆಹಣ್ಣು ಜಜ್ಜಿದ ಹಾಗೆ ಹರಡಿಕೊಂಡಿತ್ತು. ಕಾಪಿಯಿಂಗ್ ಪೆನ್ಸಿಲ್! ಗ್ರಾಫೈಟಿಗೆ ನೇರಳೆ ಬಣ್ಣ ಬೆರೆಸಿದ್ದು; ಒಣಗಿದ್ದಾಗ ಸಾದಾ ಪೆನ್ಸಿಲ್ಲಿನ ಹಾಗೇ ಇದ್ದು, ನೀರು ಸೋಕಿದರೆ ನೇರಳೆಯಾಗುವ ಜಾತಿ. ಮೊದಲ ಮಹಾಯುದ್ಧದ ಕಾಲದಲ್ಲಿ ಸಿಪಾಯಿಗಳ ಜೇಬಿನಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಇದೇ. ಒಂಟೆಯೊಂದರ ಹಿಂಗಾಲು ಹಾಳಾಯಿತು. ಅದು ಒಂಟೆ ಅಂತ ಗೊತ್ತಾದದ್ದು ಆಮೇಲೆ. ಆ ರಾತ್ರಿ ಊಟ ಸೇರಲಿಲ್ಲ.

ಅಲ್ಲಿಂದಾಚೆ ನೀರು ಬಂದ್, ಸ್ಪಿರಿಟ್ಟೂ ಬಂದ್. ಹಾಳೆಯನ್ನು ರಟ್ಟಿನಿಂದ ಎಬ್ಬಿಸುವ ಬದಲು ರಟ್ಟನ್ನೇ ಹಾಳೆಯಿಂದ ತೆಗೆದೆ. ಪುಸ್ತಕವನ್ನು ಬೋರಲು ಹಾಕಿ, ಹಿಂದಿನಿಂದ ಚಾಕುವಿನಲ್ಲಿ ಪದರ ಪದರವಾಗಿ ಹೆರೆದೆ. ದಿನಕ್ಕೆ ಒಂದು ಗಂಟೆ, ಹನ್ನೊಂದೋ ಹನ್ನೆರಡೋ ದಿನ. ಕೊನೇ ಪದರವನ್ನು ಮುಟ್ಟದೆ ಬಿಟ್ಟೆ. ಅಂಟಿಗೆ ಹಾಕಿದ್ದ ಮೈಲುತುತ್ತದ ಹಸಿರು ಅಲ್ಲಲ್ಲಿ ಕಾಣುತ್ತದೆ, ಇರಲಿ.

ಇನ್ನು ಶಾಯಿಯ ಅಡಿಯ ಚಿತ್ರವನ್ನು ಕಾಣಿಸುವುದು. ಇನ್‌ಫ್ರಾರೆಡ್‌ನಲ್ಲಿ (ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು) ಇಂಥ ಶಾಯಿ ಮಂಕಾಗುತ್ತದೆ, ಪೆನ್ಸಿಲ್ಲಿನ ಗ್ರಾಫೈಟ್ ಕಪ್ಪಾಗೇ ಉಳಿಯುತ್ತದೆ, ಇಷ್ಟು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಯಾರೂ ಮನೆಯಲ್ಲಿ ಮಾಡಿ ನೋಡುವುದಿಲ್ಲ, ಅಷ್ಟೇ. ಮೂರೂವರೆ ಸಾವಿರಕ್ಕೆ ಹಳೇ ಡಿಎಸ್‌ಎಲ್‌ಆರ್ ತಂದು, ಸೆನ್ಸರಿನ ಮೇಲಿನ ಇನ್‌ಫ್ರಾರೆಡ್ ತಡೆಯುವ ಗಾಜನ್ನು ನಾನೇ ತೆಗೆಯಲು ಹೋಗಿ ರಿಬ್ಬನ್ ಕೇಬಲ್ ಹರಿದೆ. ಮೂರೂವರೆ ಸಾವಿರ ಹೋಯಿತು. ಎರಡನೆಯದನ್ನು ಎರಡು ಸಾವಿರದ ಚಿಲ್ಲರೆಗೆ ತಂದು, ಮೊಬೈಲ್ ರಿಪೇರಿ ಹುಡುಗನ ಕೈಲಿ ಬಿಚ್ಚಿಸಿದೆ. ಅವನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಇನ್ನೂರು ರೂಪಾಯಿ ತಗೊಂಡ.

ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಇನ್‌ಫ್ರಾರೆಡ್ ಮಾತ್ರ ಬಿಡುವ ಫಿಲ್ಮಿನ ತುಂಡನ್ನು ಲೆನ್ಸಿಗೆ ಕಟ್ಟಿ, ಮೊದಲು ಮನೆಯ ಎಲ್‌ಇಡಿ ಬಲ್ಬಿನಲ್ಲಿ ತೆಗೆದರೆ ಪರದೆ ಬರೀ ಕತ್ತಲೆ. ಎಲ್‌ಇಡಿ ಬಲ್ಬಿನಿಂದ ಇನ್‌ಫ್ರಾರೆಡ್ ಬರುವುದು ಇಲ್ಲವೆನ್ನುವಷ್ಟು ಕಡಿಮೆ ಅನ್ನುವುದು ಒಂದು ವಾರ ತಲೆಗೆ ಹೋಗಲಿಲ್ಲ. ಆಮೇಲೆ 500 ವ್ಯಾಟಿನ ಹ್ಯಾಲೊಜೆನ್ ತಂದೆ. ಬೆಳಕೇನೋ ಬಂತು, ಮೂರು ನಿಮಿಷಕ್ಕೆ ಹಾಳೆ ಹಪ್ಪಳದ ಹಾಗೆ ಸುರುಳಿ ಏಳತೊಡಗಿತು. ಆರಿಸಿದೆ. ಸಿಸಿಟಿವಿಗೆ ಹಾಕುವ 850 ನ್ಯಾನೊಮೀಟರ್ ತರಂಗದ ಇನ್‌ಫ್ರಾರೆಡ್ ದೀಪದಲ್ಲಿ ಶಾಯಿ ಅರ್ಧ ಹೋಯಿತು, ಅರ್ಧ ಉಳಿಯಿತು. ಹುರುಳಿಯೂ ಕಾಣುತ್ತದೆ, ಕುದುರೆಯೂ ಕಾಣುತ್ತದೆ, ಎರಡೂ ಸರಿಯಾಗಿ ಕಾಣುವುದಿಲ್ಲ. ಲ್ಯಾಬಿನವರು ಆ ಫೋಟೋ ನೋಡಿ "ನಾನು ಹೇಳಿರ್ಲಿಲ್ವಾ" ಅಂದರು.

ದಾರಿ ತೆರೆದದ್ದು 940ರ ದೀಪ, ಉರಿಯುವಾಗ ಕೆಂಪು ಕೂಡ ಕಾಣದ ಜಾತಿಯದು. ಎರಡು ದೀಪ, ಒಂದಕ್ಕೆ ಆರುನೂರೋ ಏಳುನೂರೋ. ಲೆನ್ಸಿನ ಮುಂದೆ ಪೂರ್ತಿ ಬೆಳಕು ಕುಡಿದ ಹಳೇ ಫಿಲ್ಮಿನ ತುಂಡು. ಯಾವ ಫಿಲ್ಮು, ಎಷ್ಟು ಪದರ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಮೂರು ತಿಂಗಳು ಹೋಗಿದೆ ಅದಕ್ಕೆ. ಫೋಟೋದ ನಡುವೆ ಬರುವ ಬಿಳೀ ಮಚ್ಚೆ ಯಾವ ಲೆನ್ಸಿನಲ್ಲಿ ಬರುವುದಿಲ್ಲ ಅನ್ನುವುದನ್ನೂ ಹೇಳುವುದಿಲ್ಲ. ಎಫ್ 8, ಹತ್ತು ಸೆಕೆಂಡ್ ಆಸುಪಾಸು, ಫೋಕಸ್ ಕಣ್ಣಳತೆಯಲ್ಲಿ ಬೇಡ, ಪರದೆಯಲ್ಲಿ ಹಿಗ್ಗಿಸಿ ನೋಡಿ. ಹಾಳೆಯನ್ನು ಹದಿನಾಲ್ಕು ತುಂಡಾಗಿ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದೆ. ಶಾಯಿ ಪೂರ್ತಿ ಮಾಯವಾಗಲಿಲ್ಲ, ಬಿದ್ದ ಕಾಫಿ ಒರೆಸಿದ ಮೇಲೆ ಉಳಿಯುವ ಕಲೆಯಷ್ಟು ತೆಳುವಾಯಿತು. ನಾನು ಹಾಳು ಮಾಡಿದ್ದ ನೇರಳೆ ಮಾತ್ರ ಪೂರ್ತಿ ಮಾಯ! ಬಣ್ಣ ಹೋಗಿ ಗ್ರಾಫೈಟ್ ಉಳಿದು, ಒಂಟೆಯ ಕಾಲು ನೆಟ್ಟಗೆ ನಿಂತಿತು.

ನಡುವೆ ಕೈ ಸುಮ್ಮನಿರಲಿಲ್ಲ. ರೂಪಾಯಿ ನೋಟು ಇಟ್ಟು ಫೋಟೋ ತೆಗೆದೆ, ಅರ್ಧ ಚಿತ್ರ ಮಾಯವಾಯಿತು. ನಮ್ಮಜ್ಜಿಯ ಸಾರಿನಪುಡಿ ಚೀಟಿಯ ಮೇಲೆ ಯಾರೋ ಹೊಡೆದುಹಾಕಿದ್ದ ಎರಡು ಸಾಲು ಓದಲು ನೋಡಿದೆ, ಹೊಡೆದದ್ದೂ ಬರೆದದ್ದೂ ಒಂದೇ ಶಾಯಿಯಾದ್ದರಿಂದ ಎರಡೂ ಒಟ್ಟಿಗೇ ಹೋದವು. ಹೆಂಡತಿಯ ಕಪ್ಪು ಸೀರೆ ಕ್ಯಾಮೆರಾದಲ್ಲಿ ತಿಳಿಗುಲಾಬಿಯಾಗಿ ಬಂತು. ತೋರಿಸಬಾರದಿತ್ತು. ಅಂಗಡಿಯವನು ಮೋಸ ಮಾಡಿದ ಅಂತ ಅವಳು ಇವತ್ತಿಗೂ ಅನ್ನುತ್ತಾಳೆ.

ಈಗ ಚಿತ್ರಕ್ಕೆ ಬರೋಣ. ಎಡಗಡೆ ಸಾಲಾಗಿ ಐದು ಕುದುರೆ, ಮುಂದೆ ಹಿಂದೆ ಅಗಾಡಿ ಪಿಛಾಡಿ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ್ದಾರೆ. ಮುಂದೆ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಒಬ್ಬ ರೊಟ್ಟಿ ಲಟ್ಟಿಸುತ್ತಿದ್ದಾನೆ. ಅವನ ಹಿಂದೆ ಒಬ್ಬ ಇನ್ನೊಬ್ಬನ ತಲೆ ಬೋಳಿಸುತ್ತಿದ್ದಾನೆ, ಬೋಳಿಸಿಕೊಳ್ಳುವವನ ಮುಖದಲ್ಲಿ ಹಲ್ಲುನೋವಿನವನ ಸಂಕಟ. ನೆಲಕ್ಕೆ ನೆಟ್ಟ ಎರಡು ಈಟಿಗಳ ನಡುವೆ ಹಗ್ಗ ಕಟ್ಟಿ ಕಾಲಿಗೆ ಸುತ್ತುವ ಪಟ್ಟಿಗಳನ್ನು ಒಣಹಾಕಿದ್ದಾರೆ. ಜೀನುಗಳು ಬಿಸಿಲಿಗೆ ಹೊಟ್ಟೆ ತೋರಿಸಿ ಮಲಗಿವೆ. ಬಲಮೂಲೆಯಲ್ಲಿ ಎರಡು ಒಂಟೆ, ಅವುಗಳ ಎರಡೂ ಪಕ್ಕೆಗೆ ಚೌಕದ ಡಬ್ಬಗಳು.

ಈಟಿ ಇರುವುದರಿಂದ ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಮಹಾರಾಜರ ಈಟಿ ಹಿಡಿದ ಕುದುರೆಪಡೆ, ಅಂತ ನಾನಂದೆ. ಮೇಷ್ಟ್ರೊಬ್ಬರು, "ಅದು ಬೆಂಗಳೂರಿನ ಕವಾಯತು ಮೈದಾನ ಯಾಕಾಗಬಾರದು" ಅಂದರು. ಒಂಟೆಯ ಡಬ್ಬ ತೋರಿಸಿದೆ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟಿನ ಸಿನಾಯ್ ಮರಳುಗಾಡಿನಲ್ಲಿ ಒಂಟೆಯ ಮೇಲೆ ನೀರು ಸಾಗಿಸುತ್ತಿದ್ದ ತಗಡಿನ ಟ್ಯಾಂಕು ಅದು, ಒಂದಕ್ಕೆ ಹತ್ತು ಹನ್ನೆರಡು ಗ್ಯಾಲನ್ ಹಿಡಿಯುತ್ತಿತ್ತು. ಸೂಯೆಜ್ ಕಾಲುವೆ ದಡದ ಕಾಂತಾರಾ ಊರಿನಿಂದ ರೈಲೂ ನೀರಿನ ಪೈಪೂ ಹಾಕುತ್ತಾ ಬ್ರಿಟಿಷ್ ಸೇನೆ ಮುಂದೆ ಹೋಯಿತು, ಪೈಪು ಮುಗಿದಲ್ಲಿಂದ ಮುಂದಕ್ಕೆ ಒಂಟೆಯೇ ಗತಿ. ಮೇಷ್ಟ್ರು ಸುಮ್ಮನಾದರು, ಒಪ್ಪಿದರು ಅಂತಲ್ಲ.

ಕುದುರೆ ವಿಚಾರ ಪುಸ್ತಕ ಓದಿದವರಿಗಿಂತ ಟಾಂಗಾದವರಿಗೆ ಹೆಚ್ಚು ಗೊತ್ತು. ಅರಮನೆ ಹತ್ತಿರ ನಿಲ್ಲುವ ಹಿರಿಯರೊಬ್ಬರಿಗೆ ಪ್ರಿಂಟ್ ತೋರಿಸಿದೆ. ಬಹಳ ಹೊತ್ತು ನೋಡಿದರು. "ತೋಬರಾ ಕಟ್ಟವ್ರೆ ಸಾ, ಒಂದೂ ತಿಂತಿಲ್ಲ. ತಲೆ ಎತ್ತವೆ ನೋಡಿ. ಬಾಯಾರಿದ್ ಕುದ್ರೆ ಒಣ ಹುಳ್ಳಿ ಮುಟ್ಟಕಿಲ್ಲ." ತೋಬರಾ ಅಂದರೆ ಕುದುರೆಯ ಮೂತಿಗೆ ಕಟ್ಟುವ ಮೇವಿನ ಚೀಲ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮೂರು ವಾರ ಬಿಟ್ಟು, ಫಿಲ್ಮಿನ ಪದರ ಬದಲಾಯಿಸಿ ಕೆಳ ಅಂಚನ್ನು ಮತ್ತೆ ತೆಗೆದಾಗ ಅಲ್ಲಿ ಪೆನ್ಸಿಲ್ಲಿನ ಕನ್ನಡ ಅಕ್ಷರ ಮೂಡಿತು: "ನೀರು ಇನ್ನೂ ಬಂದಿಲ್ಲ." ಕಥೆ ಕಟ್ಟಿದ ಅನ್ನುವವರು ಅಂಗಡಿಗೆ ಬನ್ನಿ, ಫೈಲ್ ತೋರಿಸುತ್ತೇನೆ. ಹೆಸರಿಲ್ಲ, ತಾರೀಖಿಲ್ಲ, ಇಷ್ಟೇ ಇರುವುದು.

ಒಬ್ಬರು ನಲವತ್ತು ಸಾವಿರ ಕೊಡುತ್ತೇನೆ, ಕೆಳಗೆ "ಹೈಫಾ" ಅಂತ ಬರೆದುಕೊಡಿ ಅಂದರು. ಮೈಸೂರು ಲ್ಯಾನ್ಸರ್ಸ್ ಅಂದರೆ ಎಲ್ಲರಿಗೂ ಗೊತ್ತಿರುವುದು ಅದೊಂದೇ: 1918ರ ಸೆಪ್ಟೆಂಬರ್ 23, ಇಂದಿನ ಇಸ್ರೇಲಿನ ಹೈಫಾ ಊರಿಗೆ ಜೋಧಪುರದ ಕುದುರೆಪಡೆಯವರು ನುಗ್ಗಿದರು, ನಮ್ಮವರ ತುಕಡಿಯೊಂದು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ದೊಡ್ಡ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಅವರು ಇಲ್ಲಿಂದ ಹೊರಟದ್ದು 1914ರ ಅಕ್ಟೋಬರಿನಲ್ಲಿ, ಮರಳಿದ್ದು 1920ರಲ್ಲಿ. ಹೈಫಾ ಒಂದು ದಿನದ ಮಾತು, ಅದೇ ವರ್ಷ ಅಕ್ಟೋಬರ್ 26ರ ಸಿರಿಯಾದ ಹರಿತಾನ್ ಕಾಳಗ ಇನ್ನೊಂದು ದಿನ. ಮಿಕ್ಕ ದಿನಗಳಲ್ಲಿ ಅವರು ಏನು ಮಾಡುತ್ತಿದ್ದರು? ಈ ಹಾಳೆಯಲ್ಲಿ ಇರುವುದನ್ನೇ. ಹೈಫಾ ಅಂತ ಬರೆದರೆ ರೊಟ್ಟಿ ಲಟ್ಟಿಸುವವನನ್ನು ಯಾರೂ ನೋಡುವುದಿಲ್ಲ. ಬರೆಯಲಿಲ್ಲ. ಹಾಳೆ ನನ್ನ ಹತ್ತಿರವೇ ಇದೆ, ನೇರಳೆ ಕಾಲಿನ ಸಮೇತ.

ಒಟ್ಟು ಖರ್ಚು ಒಂಬತ್ತು ಸಾವಿರ ಇರಬಹುದು, ಹೆಂಡತಿ ಲೆಕ್ಕದಲ್ಲಿ ಹದಿನೈದು. ಹಿಂದಿನ ರಟ್ಟನ್ನೂ ಅದೇ ದೀಪದಲ್ಲಿ ನೋಡಿದೆ, ಬರೀ ರಾಗಿ. ಸುದ್ದಿ ಗುಜರಿಯವನಿಗೂ ಮುಟ್ಟಿದೆ. ಈಗ ಯಾವ ಲೆಕ್ಕದ ಪುಸ್ತಕ ಮುಟ್ಟಿದರೂ "ಇದ್ರೊಳಗೂ ಒಂಟೆ ಇರ್ಬೋದು ಸಾರ್" ಅಂತ ಕೆಜಿಗೆ ಮುನ್ನೂರು ಹೇಳುತ್ತಾನೆ.