ಮಹಡಿ ಮೇಲೂ ಸಿಗುವ ವೈಫೈ: ಒಂದು ಕೇಬಲ್, ಒಂದು ಹಳೆಯ ರೂಟರ್

ಕೆಳಗಿನ ಹಾಲ್‌ನಲ್ಲಿ ಸಲೀಸಾಗಿ ನಡೆಯುವ ವಿಡಿಯೊ ಕಾಲ್ ಮೆಟ್ಟಿಲು ಹತ್ತಿದ ಕೂಡಲೇ ತಡವರಿಸುತ್ತದೆ. ಆಗ ಬಹಳ ಮಂದಿ ಮಾಡುವುದು 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸುವುದು. ತಿಂಗಳ ಬಿಲ್ ಹೆಚ್ಚುತ್ತದೆ, ಮಹಡಿಯ ಪಾಡು ಹಾಗೇ ಇರುತ್ತದೆ. ತೊಡಕಿರುವುದು ಬೀದಿಯಿಂದ ಬರುವ ಫೈಬರ್‌ನಲ್ಲಲ್ಲ, ಎರಡು ಅಂತಸ್ತಿನ ನಡುವೆ ಇರುವ ಆರ್‌ಸಿಸಿ ಚಾವಣಿಯಲ್ಲಿ. ಕಾಂಕ್ರೀಟು ಮತ್ತು ಕಬ್ಬಿಣದ ಸರಳಿನ ಹೆಣಿಗೆ ಸೇರಿ 5 ಗಿಗಾಹರ್ಟ್ಸ್ ಅಲೆಗಳನ್ನು ಬಹುಪಾಲು ತಡೆದುಬಿಡುತ್ತವೆ. 2.4 ಗಿಗಾಹರ್ಟ್ಸ್ ಹೇಗೋ ದಾಟುತ್ತದೆ, ಆದರೆ ಬಡವಾಗಿ.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ರಿಪೀಟರ್ ಕೊಳ್ಳಬೇಡಿ. ಅದರಲ್ಲಿ ಹೆಚ್ಚಿನವು ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಒಂದು ಈಥರ್‌ನೆಟ್ ಕೇಬಲ್ ಎಳೆದು, ಕಪಾಟಿನಲ್ಲಿ ಬಿದ್ದಿರುವ ಹಳೆಯ ರೂಟರನ್ನು ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಡಬ್ಬಿ, ಮಾಡಿ ಕೂಡಿಸಿ. ಖರ್ಚು ಕಡಿಮೆ, ಫಲ ಗಟ್ಟಿ.

ಮೊದಲು ಅಳತೆ

ಫೈಬರ್ ಬಂದು ಸೇರುವ ಡಬ್ಬಿಗೆ, ಅಂದರೆ ಓಎನ್‌ಟಿಗೆ, ಲ್ಯಾಪ್‌ಟಾಪನ್ನು ಕೇಬಲ್‌ನಿಂದಲೇ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಅದರ ಪಕ್ಕದಲ್ಲೇ ನಿಂತು ವೈಫೈಯಲ್ಲಿ, ಕೊನೆಗೆ ಮಹಡಿಯಲ್ಲಿ. ಕೇಬಲ್‌ನಲ್ಲೇ ವೇಗ ಕಡಿಮೆಯಿದ್ದರೆ ಮಾತ್ರ ಕಂಪನಿಗೆ ದೂರು ಕೊಡಿ. ಓಎನ್‌ಟಿಯಲ್ಲಿ ಎಲ್‌ಓಎಸ್ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಒಳಗೆ ಬರುತ್ತಿಲ್ಲ: ಫೈಬರ್ ಎಲ್ಲೋ ತುಂಡಾಗಿದೆ ಅಥವಾ ಬೀರುವಿನ ಹಿಂದೆ ಮಡಚಿಕೊಂಡಿದೆ. ಹಳದಿ ಅಥವಾ ಬಿಳಿ ಬಣ್ಣದ ಆ ಸಣ್ಣ ತಂತಿಯನ್ನು ಮೊಳೆಗೆ ಬಿಗಿದು ಸುತ್ತಬಾರದು, ಅದರ ಹಸಿರು ತುದಿಯನ್ನು ಬಿಚ್ಚಿ ಬೆರಳಿನಿಂದ ಒರೆಸಲೂಬಾರದು.

ಒಂದು ಸಂಖ್ಯೆ ನೆನಪಿರಲಿ: 94. ಪ್ಲಾನ್ 200 ಅಥವಾ 300 ಇದ್ದೂ ಕೇಬಲ್‌ನಲ್ಲಿ ಸದಾ 94ರ ಆಸುಪಾಸಿಗೇ ನಿಲ್ಲುತ್ತಿದ್ದರೆ ಎಲ್ಲೋ ಒಂದು ಕಡೆ ಜೋಡಣೆ 100 ಎಂಬಿಪಿಎಸ್‌ಗೆ ಇಳಿದಿದೆ. ಒಂದೋ ಆ ಪೋರ್ಟೇ ಹಳೆಯ ಫಾಸ್ಟ್ ಈಥರ್‌ನೆಟ್, ಇಲ್ಲವೇ ಕೇಬಲ್‌ನ ಒಂದು ತಂತಿ ಕಡಿದಿದೆ. 100ರ ವೇಗಕ್ಕೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಆದ್ದರಿಂದ 100ಕ್ಕೆ ಬೇಡದ ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕೈಕೊಟ್ಟರೆ ಸಾಮಾನ್ಯವಾಗಿ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ ನಿಧಾನವಾಗುತ್ತದೆ.

ಕೇಬಲ್ ಕೊಳ್ಳುವುದು, ಎಳೆಯುವುದು

ಕ್ಯಾಟ್-6 ದರ್ಜೆಯ ಕೇಬಲ್ ಕೇಳಿ. ಕ್ಯಾಟ್-5ಇ ಕೂಡ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ಆದರೆ ಗೋಡೆಯೊಳಗೆ ಹೋಗುವ ವಸ್ತುವಿನಲ್ಲಿ ಅಷ್ಟು ಉಳಿತಾಯ ಬೇಡ. ಅಂಗಡಿಯಲ್ಲಿ ನೋಡಬೇಕಾದದ್ದು ಹೆಸರಿಗಿಂತ ತಂತಿಯ ಒಳಗನ್ನು. ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ತಾಮ್ರದ ಬಣ್ಣವಿದ್ದರೆ ಅಪ್ಪಟ ತಾಮ್ರ. ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಸಿಸಿಎ ಎಂದು ಕರೆಯುವ ಮಾಲು. ಅದು ಬಾಗಿಸಿದ ಕಡೆ ಮುರಿಯುತ್ತದೆ, ಕೇಬಲ್‌ನಲ್ಲೇ ಕರೆಂಟು ಕಳಿಸುವ ಪಿಓಇ ಕ್ಯಾಮೆರಾ ಹಾಕಿದರೆ ಬಿಸಿಯಾಗುತ್ತದೆ.

ಉದ್ದವನ್ನು ಹಗ್ಗ ಹಿಡಿದು ದಾರಿಯುದ್ದಕ್ಕೂ ಅಳೆಯಿರಿ, ಎರಡೂ ತುದಿಗೆ ಒಂದೊಂದು ಮೀಟರ್ ಹೆಚ್ಚು ಬಿಡಿ. ಸಾಮಾನ್ಯ ಎರಡು ಅಂತಸ್ತಿನ ಮನೆಗೆ 20 ಮೀಟರ್ ಒಳಗೇ ಮುಗಿಯುತ್ತದೆ. ಈಗ ಬಳಸದ ಹಳೆಯ ಟಿವಿ ಕೇಬಲ್ ಹೋಗಿರುವ ಪೈಪಿದ್ದರೆ ಅದೇ ರಾಜಮಾರ್ಗ: ಆ ಹಳೆಯ ಕೇಬಲ್‌ನ ತುದಿಗೆ ಹೊಸದನ್ನು ಟೇಪ್‌ನಿಂದ ಬಿಗಿದು ಇನ್ನೊಂದು ಕಡೆಯಿಂದ ನಿಧಾನವಾಗಿ ಎಳೆಯಿರಿ. ಕನೆಕ್ಟರನ್ನು ಎಳೆದ ಮೇಲೆ ಹಾಕಬೇಕು, ಮೊದಲೇ ಹಾಕಿದರೆ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕರೆಂಟಿನ ತಂತಿ ಇರುವ ಪೈಪಿನಲ್ಲಿ ಮಾತ್ರ ಎಂದೂ ಇದನ್ನು ತೂರಿಸಬೇಡಿ. ಸಿಗ್ನಲ್ ಕೆಡುವುದು ಸಣ್ಣ ಮಾತು, ಇನ್ಸುಲೇಷನ್ ಹೋದ ದಿನ ರೂಟರಿನ ಲೋಹಕ್ಕೆ 230 ವೋಲ್ಟ್ ಬರಬಹುದು.

ಕನೆಕ್ಟರಿಗೆ ಬಣ್ಣದ ಕ್ರಮ ಹೀಗೆ. ಚಿಲಕ ಕೆಳಗಿರುವಂತೆ, ಹಿತ್ತಾಳೆ ಪಿನ್ನುಗಳು ಮೇಲೆ ಕಾಣುವಂತೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಬಿಳಿ-ಹಸಿರಿನ ಪಕ್ಕ ಹಸಿರು ಬರುವುದಿಲ್ಲ, ನಡುವೆ ನೀಲಿ ಜೋಡಿ ಕೂರುತ್ತದೆ. ಹೊಸಬರು ತಪ್ಪುವುದು ಇಲ್ಲೇ. ಎರಡೂ ತುದಿಗೆ ಒಂದೇ ತಪ್ಪು ಕ್ರಮ ಹಾಕಿದರೆ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಸರಿಯಾಗಿಯೇ ಹೊತ್ತುತ್ತವೆ, ಆದರೆ ಜೋಡಿಗಳು ಒಡೆದಿರುವುದರಿಂದ ಡೇಟಾ ಕೆಡುತ್ತದೆ. ತಂತಿಗಳ ಹೊಸೆತವನ್ನು ಸುಮಾರು ಒಂದು ಸೆಂಟಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ. ಹೊರಗಿನ ಬೂದು ಸಿಪ್ಪೆ ಕನೆಕ್ಟರಿನ ಒಳಗೆ ಹೋಗಿ, ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿದಾಗ ಸಿಕ್ಕಬೇಕು, ಇಲ್ಲದಿದ್ದರೆ ಎಳೆದಾಗ ತಂತಿಗಳೇ ಭಾರ ಹೊರುತ್ತವೆ.

ಹಳೆಯ ರೂಟರಿಗೆ ಹೊಸ ಕೆಲಸ

ಓಎನ್‌ಟಿಯ ವಿಳಾಸ 192.168.1.1 ಎಂದುಕೊಳ್ಳೋಣ. ನಿಮ್ಮದು ಡಬ್ಬಿಯ ಕೆಳಗಿನ ಚೀಟಿಯಲ್ಲಿರುತ್ತದೆ. ಜಿಯೊಫೈಬರ್‌ನಲ್ಲಿ 192.168.29.1 ಇರುತ್ತದೆ, ಆಗ ಕೆಳಗಿನ ಎಲ್ಲ ಕಡೆ ಮೂರನೆಯ ಅಂಕಿಯನ್ನು 29 ಮಾಡಿಕೊಳ್ಳಿ.

1. ಹಳೆಯ ರೂಟರಿನ ರೀಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ಇನ್ನೂ ಅದನ್ನು ಓಎನ್‌ಟಿಗೆ ಜೋಡಿಸಬೇಡಿ.
2. ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟಿಗೆ, ಅಂದರೆ ಮನೆಯೊಳಗಿನ ಸಾಧನಗಳಿಗೆಂದು ಇರುವ ಪೋರ್ಟಿಗೆ, ಜೋಡಿಸಿ, ಬ್ರೌಸರಿನಲ್ಲಿ ಅದರ ವಿಳಾಸ ತೆರೆಯಿರಿ. ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆಯಿದ್ದರೆ ಅದನ್ನು ಒತ್ತಿ, ವೈಫೈ ಹೆಸರು, ಪಾಸ್‌ವರ್ಡ್ ಕೊಡಿ, ನೇರ ಐದನೆಯ ಹೆಜ್ಜೆಗೆ ಹೋಗಿ. ಇಲ್ಲದಿದ್ದರೆ ಮುಂದಿನ ಹೆಜ್ಜೆ.
3. ಮೊದಲು ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರನ್ನೂ ಕೆಳಗಿನ ಅಂತಸ್ತಿನ ವೈಫೈಯಲ್ಲಿರುವಂತೆಯೇ ಇಡಿ. ಆಮೇಲೆ ಪ್ರತಿ ಸಾಧನಕ್ಕೂ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ. ಕೊನೆಗೆ ಲ್ಯಾನ್ ವಿಳಾಸವನ್ನು 192.168.1.2 ಮಾಡಿ ಸೇವ್ ಮಾಡಿ. ಆ ಕ್ಷಣ ಪುಟ ಕಳಚಿಕೊಳ್ಳುತ್ತದೆ, ಗಾಬರಿ ಬೇಡ.
4. ಓಎನ್‌ಟಿಯಲ್ಲಿ ಡಿಎಚ್‌ಸಿಪಿ ವ್ಯಾಪ್ತಿಯನ್ನು 192.168.1.100ರಿಂದ 200ಕ್ಕೆ ಮಿತಿಗೊಳಿಸಿ. ಇಲ್ಲವಾದರೆ ಅದು 2ನ್ನು ಯಾವುದೋ ಫೋನಿಗೆ ಕೊಟ್ಟು ಎರಡಕ್ಕೂ ಜಗಳ ಹತ್ತುತ್ತದೆ.
5. ಮೇಲೆ ಬಂದ ಕೇಬಲನ್ನು ಹಳೆಯ ರೂಟರಿನ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ಹೊರಗಿನ ನೆಟ್‌ಗೆಂದು ಇರುವ, ಬೇರೆ ಬಣ್ಣದ ವ್ಯಾನ್ ಪೋರ್ಟ್ ಖಾಲಿಯಿರಲಿ.

ಐದನೆಯದನ್ನು ತಪ್ಪಿ ವ್ಯಾನ್‌ಗೆ ಹಾಕಿದರೆ ಮೇಲಿನದು ಬೇರೆಯೇ ನೆಟ್‌ವರ್ಕ್ ಆಗಿಬಿಡಬಹುದು ಅಥವಾ ಜೋಡಣೆಯೇ ಆಗದಿರಬಹುದು. ನೆಟ್ ಬಂದರೂ ಮಹಡಿಯ ಫೋನಿಗೆ ಕೆಳಗಿನ ಟಿವಿ ಕಾಣದು. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಕಾಟ ಇನ್ನೂ ವಿಚಿತ್ರ: ಒಂದು ಫೋನಿಗೆ ನೆಟ್ ಇರುತ್ತದೆ, ಇನ್ನೊಂದಕ್ಕೆ ವೈಫೈ ಗುರುತಿದ್ದೂ ನೆಟ್ ಇರುವುದಿಲ್ಲ, ನಾಳೆ ಅದಲುಬದಲು. ಆ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ 192.168.1.2 ಎಂದಿದ್ದರೆ ಕಾರಣ ಇದೇ. ಒಂದೇ ಕೇಬಲ್‌ನ ಎರಡೂ ತುದಿ ಒಂದೇ ರೂಟರಿಗೆ ಸಿಕ್ಕಿಕೊಂಡರೆ ಎಲ್ಲ ದೀಪಗಳೂ ಒಟ್ಟಿಗೆ ಬಡಬಡನೆ ಮಿನುಗಿ ಮನೆಯ ನೆಟ್‌ವರ್ಕೇ ನಿಲ್ಲುತ್ತದೆ.

2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಕೆಳಗೆ 1 ಇದ್ದರೆ ಮೇಲೆ 6 ಅಥವಾ 11 ಇಡಿ, ಅಗಲ 20 ಮೆಗಾಹರ್ಟ್ಸ್ ಸಾಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಈ ಬ್ಯಾಂಡು ಸಂತೆಯಂತಿರುತ್ತದೆ. ಫೋನು, ಲ್ಯಾಪ್‌ಟಾಪನ್ನು 5ರಲ್ಲೇ ಇಡಿ, ಅಲ್ಲಿ ಚಾನೆಲ್ ಕೆಳಗೆ 36, ಮೇಲೆ 149. ಸ್ಮಾರ್ಟ್ ಬಲ್ಬು, ಅಗ್ಗದ ಕ್ಯಾಮೆರಾ ಬಹುತೇಕ 2.4ಕ್ಕೆ ಮಾತ್ರ ಸೇರುತ್ತವೆ, ಹೊಸ ಭದ್ರತೆಯ ಬಗೆಯಾದ ಡಬ್ಲ್ಯೂಪಿಎ3 ಒಂದೇ ಇದ್ದರೆ ಅನೇಕವು ಸೇರುವುದೂ ಇಲ್ಲ. ಅವಕ್ಕಾಗಿ ಡಬ್ಲ್ಯೂಪಿಎ2 ಇರುವ 2.4ರ ಗೆಸ್ಟ್ ನೆಟ್‌ವರ್ಕ್ ತೆರೆಯಿರಿ. ನೆಂಟರಿಗೂ ಅದನ್ನೇ ಕೊಡಬಹುದು. ಓಎನ್‌ಟಿಯ ಅಡ್ಮಿನ್ ಪಾಸ್‌ವರ್ಡನ್ನು ಇಂದೇ ಬದಲಿಸಿ, ಪಾಸ್‌ವರ್ಡ್ ಬದಲು ಗುಂಡಿ ಅಥವಾ ಪಿನ್‌ನಿಂದ ಸೇರಿಸುವ ಡಬ್ಲ್ಯೂಪಿಎಸ್ ಆಫ್ ಮಾಡಿ.

ಕರೆಂಟು ಮತ್ತು ಸಿಡಿಲು

ಇನ್ವರ್ಟರಿಗೆ ಬದಲಾಗುವಾಗ ರೂಟರ್ ರೀಬೂಟ್ ಆಗುತ್ತಿದ್ದರೆ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಿ. ಇನ್ವರ್ಟರ್ ಇಲ್ಲದವರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಮೊದಲು ಅಡಾಪ್ಟರಿನ ಮೇಲೆ ಎಷ್ಟು ವೋಲ್ಟ್ ಎಂದು ಓದಿ. 9 ವೋಲ್ಟಿನ ಹಳೆಯ ರೂಟರಿಗೆ 12 ಕೊಟ್ಟರೆ ಸುಟ್ಟುಹೋಗಬಹುದು. ಮಿನಿ ಯುಪಿಎಸ್ ಮೇಲೆ 8,800 ಎಂಎಎಚ್ ಎಂದು ಬರೆದಿರುವುದು ಸಾಮಾನ್ಯವಾಗಿ 3.7 ವೋಲ್ಟಿನ ಸೆಲ್ ಲೆಕ್ಕ, ಅಂದರೆ ಸುಮಾರು 32 ವ್ಯಾಟ್-ಅವರ್. 10 ವ್ಯಾಟಿನ ಡಬ್ಬಿಗೆ ಇದು, ನಡುವೆ ಆಗುವ ನಷ್ಟ ಕಳೆದು, ಎರಡೂವರೆ ತಾಸಿನಷ್ಟು ಬರುತ್ತದೆ. ಮೇಲಿನ ರೂಟರಿಗೆ ಬೇರೆಯದೇ ಬೇಕು.

ಮಲೆನಾಡು, ಕರಾವಳಿಯಲ್ಲಿ ಮುಂಗಾರು ಪೂರ್ವದ ಗುಡುಗಿಗೆ ಪ್ಲಗ್ ಕೀಳುವ ರೂಢಿ ಎಲ್ಲರಿಗೂ ಇದೆ. ಆದರೆ ರೂಟರುಗಳ ನಡುವಿನ ಈಥರ್‌ನೆಟ್ ಕೇಬಲನ್ನು ಮರೆಯುತ್ತಾರೆ. ಅದನ್ನೂ ಎರಡೂ ಕಡೆ ಕೀಳಬೇಕು, ಏಕೆಂದರೆ ಒಂದು ಡಬ್ಬಿಗೆ ಬಂದ ಏಟು ತಾಮ್ರದ ಮೂಲಕ ಇನ್ನೊಂದಕ್ಕೂ ಹೋಗುತ್ತದೆ. ಮನೆಯಿಂದ ಕೊಟ್ಟಿಗೆಗೋ ತೋಟದ ಪಂಪ್‌ಹೌಸಿಗೋ ನೆಟ್ ಒಯ್ಯಬೇಕಿದ್ದರೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯಲೇಬೇಡಿ. ಒಳಗೆ ಉಕ್ಕಿನ ತಂತಿಯಿಲ್ಲದ ಫೈಬರ್ ಹಾಕಿಸಿ, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನು ಈಥರ್‌ನೆಟ್‌ಗೆ ಬದಲಿಸುವ ಡಬ್ಬಿ, ಇಡಿ. ಕೊಳ್ಳುವಾಗ ಎ ಮತ್ತು ಬಿ ಎಂಬ ಜೊತೆಯನ್ನೇ ಕೇಳಿ: ಒಂದೇ ಎಳೆಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ತರಂಗಾಂತರ ಬಳಸುವುದರಿಂದ ಎರಡೂ ಎ ಆದರೆ ದೀಪ ಹೊತ್ತುವುದಿಲ್ಲ.